ಬೀಗದ ಕೈ

ವಾಲ್ಪರೈಸೋದ ಗುಡ್ಡದ ಮೇಲೆ, ಸೈಕಲ್ ರಿಪೇರಿ ಅಂಗಡಿಯ ಹಿಂದೆ
ಮಂಗಳವಾರ ಏಳಕ್ಕೆ ತೆರೆಯುವ ಕೋಣೆ.
ಫಲಕವಿಲ್ಲ, ಅಧ್ಯಕ್ಷರಿಲ್ಲ.
ಹಾಜರಿ ಪುಸ್ತಕ ಒಮ್ಮೆ ಯಾರೋ ತಂದಿದ್ದರು,
ಅದೀಗ ಕುಂಟುವ ಮೇಜಿನ ಕಾಲಡಿಗೆ.

ಮುಚ್ಚಿಹೋದ ಸಿನಿಮಾ ಮಂದಿರದ ಹದಿನಾಲ್ಕು ಕುರ್ಚಿ,
ಒಂದು ಕೆಟಲ್, ಒಂದು ಉಣ್ಣೆ ಟೋಪಿ:
ಬಾಡಿಗೆಗೆಂದು ಕೈಲಾದ ಚಿಲ್ಲರೆ ಹಾಕಲು,
ಆಗದವರು ಬರಿಗೈಯನ್ನೇ ಅದರೊಳಗಿಟ್ಟು ತೆಗೆಯಲು,
ಪಕ್ಕದವರಿಗೆ ಗೊತ್ತಾಗದ ಹಾಗೆ.

ಮತ್ತೆ, ಬೀಗದ ಕೈ.
ಮೂರು ತಿಂಗಳಿಗೊಮ್ಮೆ ಜೇಬು ಬದಲಿಸುತ್ತದೆ.
ನಮ್ಮಲ್ಲಿ ಅಧಿಕಾರವೆಂದರೆ ಅಷ್ಟೇ:
ಎಲ್ಲರಿಗಿಂತ ಮೊದಲು ಬಂದು ನೀರು ಕಾಯಿಸುವುದು,
ಎಲ್ಲರೂ ಹೋದಮೇಲೆ ಲೋಟ ತೊಳೆಯುವುದು.

ಮಾತಿಗೂ ಒಂದೇ ಕಟ್ಟಳೆ. ಒಬ್ಬರು ಹೇಳಿಕೊಳ್ಳುವಾಗ
ಇನ್ನೊಬ್ಬರು ಬುದ್ಧಿ ಹೇಳಬಾರದು.
ಇಪ್ಪತ್ತಾರು ವರ್ಷ ಗಣಿತದ ಟೀಚರಾಗಿದ್ದವಳಿಗೆ
ಕುಡಿತ ಬಿಡುವುದಕ್ಕಿಂತ ಇದು ಕಷ್ಟ.

ಜುಲೈ. ಮೈ ಕೊರೆಯುವ ಚಳಿ.
ಬೀಗದ ಕೈ ನಿಬಾಲ್ಡೋನದು.
ಬಂದರಿನಲ್ಲಿ ಕ್ರೇನ್ ನಡೆಸುವವನು, ಹದಿನಾಲ್ಕು ತಿಂಗಳು ಮುಟ್ಟಿರಲಿಲ್ಲ.
ಏಳೂವರೆಯಾದರೂ ಅವನ ಸುಳಿವಿಲ್ಲ.
ಬೀಗ ಒಡೆಯೋಣ ಅಂದರೊಬ್ಬರು.
ಮನೆಗೆ ಹೋಗೋಣ ಅಂದವರ ಕಣ್ಣು
ಮೂಲೆಯ ಬಾರಿನ ದೀಪದ ಕಡೆಗಿತ್ತು.
ಮುದುಕಿ ಎಯುಲೋಹಿಯಾ ಬೀದಿಯ ಮೆಟ್ಟಿಲ ಮೇಲೆ
ಚೀಲ ಹಾಸಿಕೊಂಡು ಕೂತೇಬಿಟ್ಟಳು:
"ಹೂಂ, ಯಾರು ಮೊದಲು?"

ಮೆಟ್ಟಿಲಿಗೊಬ್ಬರಂತೆ ಹನ್ನೊಂದು ಜನ.
ಮೇಲಿನವರ ಮಾತು ಕೆಳಗಿನವರ ಕತ್ತಿನ ಮೇಲೆ ಉಗಿಯಾಗಿ ಬಿತ್ತು.
ಬೀದಿನಾಯಿಯೊಂದು ನಡುವೆ ಮಲಗಿತು.
ಎಂದೂ ನಮ್ಮನ್ನು ಯಾರೆಂದು ಕೇಳದ ಮಹಡಿಯ ಹೆಂಗಸು
ಬ್ರೆಡ್ ಕೊಳ್ಳುವ ಬುಟ್ಟಿಯಲ್ಲೇ ಹಗ್ಗದಿಂದ
ಒಂದು ಫ್ಲಾಸ್ಕ್ ಇಳಿಬಿಟ್ಟಳು.

ಎಂಟೂಕಾಲಿಗೆ ನಿಬಾಲ್ಡೋ ಬಂದ.
ಅವನಿಗಿಂತ ಮೊದಲು ಅವನ ವಾಸನೆ ಬಂತು.
ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಬೀಗದ ಕೈ,
ಅದರ ಹಲ್ಲಿನ ಗುರುತು ಚರ್ಮದ ಮೇಲೆ ಕೆಂಪಗೆ.
"ಇದನ್ನ ಕೊಟ್ಟು ಹೋಗೋಣಾಂತ ಬಂದೆ."

ಯಾರೂ ಕೈ ಚಾಚಲಿಲ್ಲ.
"ಆಮೇಲೆ," ಅಂದಳು ಎಯುಲೋಹಿಯಾ,
"ಈಗ ಸೋಫನೋರ್ ಮಾತಾಡ್ತಿದಾನೆ."

ನನ್ನ ನಾಲಿಗೆಯ ತುದಿಯಲ್ಲಿ
ಇಪ್ಪತ್ತಾರು ವರ್ಷದ ವಿವೇಕ ತುಂಬಿ ನಿಂತಿತ್ತು.
ನುಂಗಿದೆ. ಒಂದು ಗೇಣು ಸರಿದೆ.
ಆ ಗೇಣಿನಲ್ಲಿ ಅವನು ಕೂತ.

ಮುಂದಿನ ಮಂಗಳವಾರ ಹೋದಾಗ
ಬಾಗಿಲು ತೆರೆದಿತ್ತು, ನೀರು ಕುದಿಯುತ್ತಿತ್ತು.
ಅವನ ಪಾಳಿ ಇನ್ನೂ ಮೂರು ವಾರ ಇತ್ತು.
ಅದನ್ನು ಯಾರೂ ಚರ್ಚೆಗೆ ತರಲಿಲ್ಲ,
ಚರ್ಚಿಸಲು ನಮಗೊಂದು ಸಮಿತಿಯೂ ಇರಲಿಲ್ಲ.