ಇದು ಕನ್ನಡ ಹೌದೇನು

ಪೆಡ್ಡೆಂ ಮೈದಾನದ ದೀಪ ಆರಿದ ಮ್ಯಾಲೆ
ನನ್ನ ಗಾಡಿ ಮುಂದ ಲೀಗ್ ಸುರು.
ರೋಸ್ ಆಮ್ಲೆಟ್ ನಾಕು, ಪಾವ್ ಎಂಟು,
ಸ್ಟೂಲು ಎರಡು, ಸೆಲೆಕ್ಟರು ಆರು ಮಂದಿ.

ಕಾಯ್ತಾನ್ ಫುರ್ತಾದೋ ಒಂದು ಕಾಲದ ಸೆಂಟರ್ ಹಾಫ್,
ಈಗ ಮೊಣಕಾಲಿಗೆ ಪಟ್ಟಿ. ಚಮಚದ ತುದಿಲೆ
ತಾಟಿನ ರಸದಾಗ ಗೆರಿ ಕೊರೀತಾನ: ಇದು ಡಿ, ಇಲ್ಲಿ ಕಾರ್ನರ್.
"ನಮ್ಮ ಇಬ್ಬರನ್ನ ಪುಣೆಕ್ಕ ಕೊಡು,
ಅವರ ಡ್ರ್ಯಾಗ್ ಫ್ಲಿಕ್ಕರನ್ನ ತಗೋ."
"ಅವನ ಸೊಂಟ ಹೋಗೇತಿ, ಅದಕ್ಕ ಮಾರಾಕ ನಿಂತಾರ,"
ಅಂತಾನ ಬ್ಯಾಂಕಿನ ಉಲ್ಹಾಸ ಶಿರೋಡಕರ.
ನಮ್ಮ ಕಡೆ ದನದ ಸಂತ್ಯಾಗ
ಟವೆಲ್ಲಿನೊಳಗ ಬೆರಳು ಹಿಡಿದು ಧಾರಣಿ ಹೇಳ್ತಾರ.
ಇವರಿಗೆ ಟವೆಲ್ ಇಲ್ಲ.

"ಗೋಲಿ ಯಾರು ಹಂಗಾರ?" ಅಂದ ಯಾರೋ.
ಒಂದು ಗಳಿಗಿ ಸ್ಟೋವ್ ಸಪ್ಪಳ ಅಷ್ಟ.

ಬಸ್ತ್ಯಾಂವ ಸಿದ್ದಿ. ಹಳಿಯಾಳದ ಕಡೆ ಹುಡುಗ.
ಹೋದ ಮಂಗಳವಾರ ರಾತ್ರಿ ಹನ್ನೊಂದಕ್ಕ
ಆಳೆತ್ತರದ ಚೀಲ ಹೊತ್ತು ಬಸ್ ಸ್ಟ್ಯಾಂಡಿಗೆ ಹೊಂಟಿದ್ದ,
ಜೀಪು ನಿಂತಿತು. ಪಾಸ್‌ಪೋರ್ಟ್ ಅಂದ್ರು.

"ಪೊಲೀಸರು ತಮ್ಮ ಕೆಲಸ ಮಾಡ್ಯಾರ," ಶಿರೋಡಕರ ಅಂದ,
"ಬೀಚಿನ ಕಡೆ ಏನೇನು ಮಾರ್ತಾರ ಗೊತ್ತಿಲ್ಲೇನು?
ನೋಡಾಕ ಹಂಗ ಇದ್ರ ಕೇಳ್ತಾರ."
"ಹಂಗ ಅಂದ್ರ ಹ್ಯಾಂಗ?" ಕಾಯ್ತಾನ್ ಚಮಚ ಇಟ್ಟ.
"ನನ್ನ ತಮ್ಮನ್ನ ಸ್ವಿಂಡನ್ನಿನಾಗ ರಸ್ತೇಕ್ಕ ನಿಂದ್ರಿಸಿದಾಗ
ಅನ್ಯಾಯ ಅಂತ ಇಲ್ಲೇ ಒದರಾಡಿದಾಂವ ನೀನು."
"ಅದು ಬ್ಯಾರೆ."
"ಹ್ಯಾಂಗ ಬ್ಯಾರೆ?"
"ಬ್ಯಾರೆ ಅಂದ್ರ ಬ್ಯಾರೆ. ಅದನ್ನ ಬಿಡು,
ಮುಂಬೈದವರು ಗೋಲಿಗೆ ಎಷ್ಟು ಹಚ್ಚಬಹುದು?"

"ಏ ಘಾಂಟಿ, ಇನ್ನೆರಡು ಪಾವ್ ಹಾಕು,"
ಅಂದಾಂವ ಕಾಯ್ತಾನ್. ಸಿಟ್ಟಿಲ್ಲ ಅವಗ.
ಹನ್ನೆರಡು ವರ್ಷದ ಗಿರಾಕಿ, ಮಗಳ ಫೀಸಿಗೆ ಸಾಲ ಕೊಟ್ಟಾಂವ.
ಹಾಕಿದೆ.

ಇವರಿಗೆ ಗೊತ್ತಿಲ್ಲ,
ಆ ರಾತ್ರಿ ಠಾಣ್ಯಾಗ ನಾನೂ ಇದ್ದೆ.

ಚೀಲ ನೆಲಕ್ಕ ಸುರುವಿದ್ರಂತ: ಪ್ಯಾಡು, ಎದಿಗವಚ, ಹೆಲ್ಮೆಟ್ಟು.
ಕೊಂಕಣಿ ಆಡಿದ್ನಂತ.
ಇದು ನಮ್ಮ ಕೊಂಕಣಿ ಅಲ್ಲ, ಕಲತು ಬಂದಾನ ಅಂದ್ರು.
ಆಧಾರ್ ಕೊಟ್ಟ. ಇಂಥಾವು ಓಣಿಗೊಂದು ಸಿಗತಾವ ಅಂದ್ರು.
ಕಡೀಕ ಕನ್ನಡ ಆಡಿದ. ಅದು ಕನ್ನಡ ಹೌದೋ ಅಲ್ಲೋ
ಹೇಳಾಕ ಅಲ್ಲಿ ಯಾರೂ ಇದ್ದಿಲ್ಲ.
ಅದಕ್ಕ ಕಾನ್‌ಸ್ಟೇಬಲ್ ಬಂದು ನನ್ನ ಎಬ್ಬಿಸಿದ.
ದಿನಾ ಪುಕ್ಕಟ ತಿನ್ನಾಂವ, ಬಾಗಿಲಾ ಗೊತ್ತು ಅವಗ.

ಬಾಡಿಗಿದಾರರ ಪಟ್ಟಿಗೆ ವರ್ಷಾ ವರ್ಷಾ
ನನ್ನ ಫೋಟೋ, ನನ್ನ ಹೆಬ್ಬೆಟ್ಟು ತಗೊಳ್ಳೋದು ಅದ ಠಾಣೆ.
ಅವತ್ತು ಅವರ ಸಿಕ್ಕಾ ನಾನು.

"ಮಾತಾಡು" ಅಂದ್ರು ಅವಗ.
ಅವ ನನ್ನ ನೋಡಿದ.
"ಅಕ್ಕಾ, ನಿನ್ನ ನಿದ್ದಿ ಕೆಡಿಸಿದೆ" ಅಂದ.
ನನ್ನ ಕಡೆ ತಿರುಗಿದ್ರು: "ಇದು ಕನ್ನಡ ಹೌದೇನು?"

ಹೌದು ಅಂದೆ.
ಅನ್ನಾಕ ತಡಾ ಆತು.
ಬಾಳ ಅಲ್ಲ. ಒಡೆದ ತತ್ತಿ
ಚಿಪ್ಪಿನಿಂದ ಕಾವಲಿಗೆ ಬೀಳಾಕ ಎಷ್ಟು ಬೇಕೋ ಅಷ್ಟ.
ಕಿವಿ ಮೊದಲ ಹೌದಂದಿತ್ತು.
ಕಣ್ಣು ಇನ್ನೂ ಅವನ ಮಾರಿ ಮ್ಯಾಲೆ ಓಡ್ಯಾಡತಿತ್ತು,
ಕೂದಲಾ, ತುಟಿ, ಮತ್ತ ಕೂದಲಾ,
ಜೀಪಿನವರು ಹೋದ ದಾರ್‍ಯಾಗ.

ಅದನ್ನ ಅವ ನೋಡಿದ.
ಗೋಲಿ ಅಲ್ಲಾ, ಹೊಡಿಯೂಕಿಂತ ಮೊದಲ ಗೊತ್ತಾಗತೈತಿ
ಚೆಂಡು ಯಾವ ಕಡೆ ಬರತೈತಿ ಅಂತ.
ಬಗ್ಗಿ ಪ್ಯಾಡು ಒಂದೊಂದ ಚೀಲಕ್ಕ ತುಂಬಿಕೊಂಡ.
ಚೀಲದ ಝಿಪ್ ಹಿಡಿಯವಲ್ದಾಗಿತ್ತು.
ನಾನೂ ಒಂದು ಕಡೆ ಒತ್ತಿ ಹಿಡಿದೆ.

"ಹದಿನೆಂಟು ಲಕ್ಷ," ಅಂತಾನ ಶಿರೋಡಕರ.
"ಇಪ್ಪತ್ತಕ್ಕ ಕಡಿಮಿ ಬಿಟ್ರ ಹುಚ್ಚರು," ಅಂತಾನ ಕಾಯ್ತಾನ್.
"ಏನಂತಿ ನೀ? ದಿನಾ ಕೇಳ್ತಿ ಅಲ್ಲಾ."

ಹಾಕಿ ನನಗೇನ ತಿಳಿತೈತ್ರೀ, ಅಂದೆ.
ಉಳ್ಳಾಗಡ್ಡಿ ಮುಗಿದಿದ್ದು ಚಲೋ ಆತು.
ಗಾಡಿ ಕೆಳಗ ಬಗ್ಗಿ
ಸಾವಕಾಶ ಹುಡುಕಿದೆ.