ಕಾಲು ಪಾಲು

ನಾಲ್ಕು ವರ್ಷ ಎರಡು ತಿಂಗಳಿಗೆ ತೀರ್ಪು ಬಂತು.
ಕನ್ನಡಕ ಹಣೆಗೇರಿಸಿ ವಕೀಲರು ಹೇಳಿದರು:
ತಪ್ಪಿನಲ್ಲಿ ಮುಕ್ಕಾಲು ಸ್ಕೂಟರಿನದು,
ಕಾಲು ನಿಮ್ಮದು, ಲಿಗೋರಿ.
ಕಾಲು ನನ್ನದೇ ಸ್ವಾಮಿ, ಅದಕ್ಕೇ ಅಲ್ಲವಾ ಬಂದದ್ದು, ಅಂದೆ.
ಅವರು ನಗಲಿಲ್ಲ. ಜೂನಿಯರ್ ಹುಡುಗಿ
ಫೈಲು ಅಡ್ಡ ಹಿಡಿದು ನಕ್ಕಳು.

ನಾಲ್ಕು ಲಕ್ಷದ ಇಪ್ಪತ್ತು ಸಾವಿರ ಎಂದು ಮೊದಲು ಬರೆದು
ಅದರಲ್ಲಿ ಒಂದು ಲಕ್ಷದ ಐದು ಸಾವಿರ ಕಳೆದು
ಉಳಿದದ್ದಕ್ಕೆ ಆರು ಪರ್ಸೆಂಟು ಬಡ್ಡಿ.
ಮೊಣಕಾಲ ಕೆಳಗಿನ ಸ್ಟೀಲು ಪಟ್ಟಿಗೆ ಇಷ್ಟು,
ಹೋದ ದುಡಿಮೆಗೆ ಇಷ್ಟು,
ನೋವು ಮತ್ತು ಸಂಕಟ ಎಂಬ ಬಾಬಿಗೆ ನಲವತ್ತು ಸಾವಿರ.
ನೋವು ಬೇರೆ, ಸಂಕಟ ಬೇರೆ ಅಂತ
ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಹಜರಿನ ನಕ್ಷೆಯಲ್ಲಿ ನಾನೊಂದು ಸಣ್ಣ ಬಾಣ.
ಬೆಂದೂರ್‌ವೆಲ್ ತಿರುವು, ಬೆಳಗಿನ ಐದೂಮುಕ್ಕಾಲು,
ಡಿವೈಡರ್ ಸುತ್ತದೆ ಎದುರು ಬಂದ ಸೈಕಲ್ಲು,
ದೀಪ ಇರಲಿಲ್ಲ.
ಎಂಬತ್ತು ಉಂಡೆ ಇತ್ತು ಬುಟ್ಟಿಯಲ್ಲಿ, ಬಿಸಿ,
ಅದನ್ನು ಯಾರೂ ಬರೆದುಕೊಳ್ಳಲಿಲ್ಲ.
ಕಾಗೆಗಳು ಸಾಕ್ಷಿ ಹೇಳಲು ಬರಲಿಲ್ಲ.
ಬೇಕರಿಯ ಮೋಂತು ಲೋಬೊ ಮಾತ್ರ
ಆಸ್ಪತ್ರೆಗೆ ಬಂದು, ಮಂಚದ ಮೇಲೆ ಕಿತ್ತಳೆ ಇಟ್ಟು,
ಎಂಬತ್ತರಲ್ಲಿ ನಲವತ್ತು ನಾನು ಬಿಟ್ಟೆ ಮಾರಾಯ, ಅಂದ.

ಕಟಕಟೆಯಲ್ಲಿ ಯಾರೂ ಕೇಳದ್ದು ಒಂದಿದೆ.
ದೀಪ ಇತ್ತು.
ಡೈನಮೊ ಟೈರಿಗೆ ಒರಗಿಸಿದರೆ ಪೆಡಲು ಭಾರ;
ಕಂಕನಾಡಿಯಿಂದ ಏರು,
ಹಿಂದಿನ ರಾತ್ರಿಯ ಜ್ವರ ಬೇರೆ.
ಹೆಬ್ಬೆರಳಿನಲ್ಲಿ ಅದನ್ನು ಹಿಂದಕ್ಕೆ ಮಡಚಿದೆ,
ಟಿಕ್.
ಆ ಟಿಕ್ ಎಷ್ಟು ಪರ್ಸೆಂಟು?
ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದಿದ್ದರು ವಕೀಲರು.
ಕೇಳಲಿಲ್ಲ. ಕೊಡಲಿಲ್ಲ.

ತೀರ್ಪಿನ ಮಧ್ಯಾಹ್ನ
ಕೋರ್ಟಿನ ಇಳಿಜಾರಿನಲ್ಲಿ ಒಂದೊಂದೇ ಮೆಟ್ಟಿಲು ನೋಡಿ ಇಳಿಯುತ್ತಿದ್ದೆ.
ಹಿಂದಿನಿಂದ, ಸ್ವಲ್ಪ ನಿಲ್ಲಿ ಎಂಬ ಸ್ವರ.
ಜಲಜಾಕ್ಷಿ. ಎರಡನೇ ಪ್ರತಿವಾದಿ ವಿಮೆ ಕಂಪನಿ,
ಮೊದಲನೆಯವರು ಇವರು.
ಎಡಗೈ ಮಣಿಕಟ್ಟು ಇನ್ನೂ ಒಂದು ನಮೂನೆ ಸೊಟ್ಟ,
ಅದಕ್ಕೆ ಯಾವ ಬಾಬಿನಲ್ಲೂ ಏನೂ ಇರಲಿಲ್ಲ.

ಆಗಲೇ ನೋಡಲಿಕ್ಕೆ ಬರಬೇಕಿತ್ತು, ಅಂದರು.
ಬಂದರೆ ತಪ್ಪು ಒಪ್ಪಿದ ಹಾಗೆ ಆಗ್ತದೆ ಅಂತ ನಮ್ಮವರು ಬಿಡಲಿಲ್ಲ.
ಗೋಳಿಬಜೆಯ ಪ್ಲೇಟು ನಡುವೆ ತಣ್ಣಗಾಯಿತು.
ಸ್ಪೀಡು ಇರಲಿಲ್ಲ ನನ್ನದು, ಲಿಗೋರಿಯವರೆ.
ಲ್ಯಾಬಿನಲ್ಲಿ ಮೂರನೇ ನೈಟ್ ಡ್ಯೂಟಿ.
ಕಣ್ಣು ಮುಚ್ಚಿದ್ದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ.
ಬ್ರೆಡ್ಡಿನ ಪರಿಮಳ ಬಂತು, ಕಣ್ಣು ಬಿಟ್ಟೆ,
ನೀವು ಅಲ್ಲೇ ಇದ್ದಿರಿ.

ನಾನು ಡೈನಮೊ ಹೇಳಿದೆ.
ಅವರು ತುಂಬ ಹೊತ್ತು ಚಟ್ನಿಯನ್ನೇ ನೋಡಿದರು.
ಹಾಗಾದರೆ ನಿಮ್ಮದು ಕಾಲಲ್ಲ, ಮೂವತ್ತೈದಾದರೂ ಬೇಕು, ಅಂದರು.
ಮೂವತ್ತಕ್ಕೆ ಮುಗಿಸಿ ಅಂದೆ, ಜ್ವರ ಇತ್ತಲ್ಲ.
ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆಗೆ ಚೌಕಾಸಿ ಮಾಡಿದ ಹಾಗೆ,
ಆದರೆ ಇಬ್ಬರೂ ತಿರುವುಮುರುವು,
ಹೆಚ್ಚಿಗೆ ತಮಗೇ ಬರಲಿ ಎಂದು ಒಮ್ಮೆ,
ಇಷ್ಟು ಸಾಕು ಎಂದು ಒಮ್ಮೆ.
ಲೆಕ್ಕ ನೂರಕ್ಕೆ ಕೂಡಲೇ ಇಲ್ಲ.
ಬಿಲ್ಲು ಮಾತ್ರ ಅರ್ಧರ್ಧ ಕೊಟ್ಟೆವು.

ಈಗ ಸೈಕಲ್ಲು ತುಳಿಯುವುದಿಲ್ಲ, ತಳ್ಳುತ್ತೇನೆ.
ನಲವತ್ತೇ ಉಂಡೆ, ಶಿವಬಾಗಿನವರೆಗೆ.
ಡಿವೈಡರ್ ಪೂರ್ತಿ ಸುತ್ತುತ್ತೇನೆ, ಆ ನೂರು ಹೆಜ್ಜೆ
ಮಳೆಗಾಲದಲ್ಲಿ ಸ್ಟೀಲಿಗೆ ಚೆನ್ನಾಗಿ ಗೊತ್ತು.
ಡೈನಮೊ ಟೈರಿಗೆ ಒರಗಿಸಿಯೇ ಇರುತ್ತೇನೆ.
ನಡಿಗೆಯ ವೇಗಕ್ಕೆ ಬಲ್ಬು ಸರಿ ಹೊತ್ತುವುದಿಲ್ಲ,
ಒಳಗಿನ ತಂತಿ ಕೆಂಪಗೆ ಕಾಣುತ್ತದೆ, ಅಷ್ಟೇ.
ದಾರಿ ಕಾಣಲಿಕ್ಕೆ ಸಾಲದು.
ಎದುರು ಬರುವವರು ನಿದ್ದೆಯಲ್ಲಿಲ್ಲದಿದ್ದರೆ
ಯಾರೋ ಇದ್ದಾರೆ ಅಂತ ಗೊತ್ತಾಗಬಹುದು.