ಋಣ ಒತ್ತಡ

ದಾದಾಪೀರ್ ಹಗ್ಗದಲ್ಲಿ ತೂಗುತ್ತ ಇಳಿದು
ಗಾಳಿಯಂತ್ರದ ರೆಕ್ಕೆಯಂಚನ್ನು ಹೆಬ್ಬೆರಳಲ್ಲಿ ಸವರುತ್ತಾನೆ.
'ಮೇಡಂ, ಮತ್ತೆ ಸಿಡುಬು' ಎನ್ನುತ್ತದೆ ವಾಕಿಟಾಕಿ.
ಕೆಳಗೆ ಚಿತ್ರದುರ್ಗದ ಬಂಡೆಗಳು,
ಎಷ್ಟು ಮಳೆ ತಿಂದರೂ ನುಣ್ಣಗೆ ಕೂತಿವೆ.
ಮೇಲೆ, ಆರೇ ಮಳೆಗಾಲಕ್ಕೆ ಮುಖ ಕೆಟ್ಟ ರೆಕ್ಕೆ.

ಇಲ್ಲಿ ಹನಿ ಬಂದು ಬೀಳುವುದಿಲ್ಲ,
ರೆಕ್ಕೆಯೇ ಹೋಗಿ ಹನಿಗೆ ಬಡಿಯುತ್ತದೆ,
ಸೆಕೆಂಡಿಗೆ ಎಂಬತ್ತು ಮೀಟರು.
ಕೊತ್ತಂಬರಿ ಕಾಳಿನಷ್ಟು ನೀರು.
ಅದಕ್ಕೆ ಹಲ್ಲು ಎಲ್ಲಿಂದ ಬಂತು?

ಇದನ್ನೇ ಕೇಳುತ್ತ ಮೂರು ವರ್ಷವಾಯಿತು,
ದಾವಣಗೆರೆಯ ಕಾಲೇಜಿನ ನೆಲಮಾಳಿಗೆಯಲ್ಲಿ,
ಎರಡು ಫ್ಯಾನು, ಒಂದು ಮುದಿ ಯುಪಿಎಸ್ ಇರುವ ಕೋಣೆಯಲ್ಲಿ.
ಹನಿಯನ್ನು ನಲವತ್ತು ಲಕ್ಷ ಚೂರಾಗಿ ಹೆಚ್ಚಿದ್ದೇನೆ
ಈರುಳ್ಳಿಯಂತೆ. ಕಣ್ಣಲ್ಲಿ ನೀರು ಬಂದದ್ದೂ ಉಂಟು.
ಸೆಕೆಂಡನ್ನು ನೂರು ಕೋಟಿಯಾಗಿ ಸೀಳಿ
ಒಂದೊಂದು ಸಿಬಿರಿಗೂ ಲೆಕ್ಕ.
ಸಂಜೆ ಆರಕ್ಕೆ ಹಚ್ಚಿದರೆ
ಬೆಳಿಗ್ಗೆ ಆರಕ್ಕೆ ಹನಿ ಅರ್ಧ ಬಿದ್ದಿರುತ್ತದೆ.
ನಡುವೆ ಕರೆಂಟು ಹೋದರೆ
ಮತ್ತೆ ಆಕಾಶಕ್ಕೆ.

ತಾಗಿದ್ದು ಪಾದ, ನೆತ್ತಿಗಿನ್ನೂ ಸುದ್ದಿಯಿಲ್ಲ.
ಸುದ್ದಿ ಅಲೆಯಾಗಿ ಮೇಲೇರುತ್ತದೆ.
ಹನಿಯ ಬೆನ್ನು ಗುಂಡಗೆ, ಅದರಾಚೆ ಬರೀ ಗಾಳಿ,
ಹೇಳಿಕೊಳ್ಳಲು ಯಾರೂ ಇಲ್ಲ.
ಅಲೆ ಹಿಂದಿರುಗುತ್ತದೆ. ಹೋಗುವಾಗ ನೂಕು,
ಬರುವಾಗ ಎಳೆತ.
ಬಾಗಿದ ಬೆನ್ನು ಅಷ್ಟೂ ಎಳೆತವನ್ನು
ಒಂದೇ ಕಡೆಗೆ ಅಟ್ಟುತ್ತದೆ, ನೆತ್ತಿಯ ತುಸು ಕೆಳಗೆ.
ಅಲ್ಲಿ ನೀರು ಹರಿಯಬೇಕು,
ಹೊಳೆ ಹರಿಯುವ ಹಾಗಲ್ಲ,
ಸೀರೆ ಹರಿಯುವ ಹಾಗೆ.

ನನ್ನ ಹನಿ ಹರಿಯಲೇ ಇಲ್ಲ.
ಮೂರು ವರ್ಷ ನುಣ್ಣಗೆ ಬಿದ್ದು ನುಣ್ಣಗೆ ಹರಡಿತು,
ಕಾವಲಿಯ ಮೇಲೆ ದೋಸೆಹಿಟ್ಟು.

ಮೊನ್ನೆ ಕಣ್ಣಿಗೆ ಬಿತ್ತು ಆ ಸಾಲು.
ನನಗಿಂತ ಮೊದಲು ಈ ಕುರ್ಚಿಯಲ್ಲಿ ಸವೆದ
ಮಹಾರುದ್ರಯ್ಯ ಸರ್ ಬರೆದದ್ದು,
ಸಾವಿರದ ನಾನೂರ ಹನ್ನೆರಡನೇ ಸಾಲು:
ಒತ್ತಡ ಋಣವಾದರೆ ಸೊನ್ನೆ ಮಾಡು.
ಪಕ್ಕದಲ್ಲಿ ಟಿಪ್ಪಣಿ: ಇಲ್ಲದಿದ್ದರೆ ಪ್ರೋಗ್ರಾಂ ನಿಲ್ಲುತ್ತದೆ.

ಬೈಯಲಾರೆ. ಅಮ್ಮನೂ
ಮಂಡಕ್ಕಿ ಭಟ್ಟಿಯ ವಾರದ ಬಟವಾಡೆ ಎಣಿಸಿ
ಕಮ್ಮಿ ಬಿದ್ದದ್ದನ್ನೆಲ್ಲ ಸೊನ್ನೆ ಎಂದೇ ಬರೆಯುತ್ತಿದ್ದಳು.
ಸಂಸಾರ ನಿಲ್ಲಬಾರದಲ್ಲ.
ಆದರೆ ಸೊನ್ನೆ ಎಂದು ಬರೆದರೆ
ಋಣ ತೀರಿತೆ?

ಸಾಲು ಅಳಿಸಿದೆ. ಏಳು ಸಲ ಪ್ರೋಗ್ರಾಂ ಸತ್ತಿತು.
ಎಂಟನೆಯ ರಾತ್ರಿ ಎರಡೂವರೆಗೆ
ನೀಲಿಯೊಳಗೊಂದು ಕಪ್ಪು ಚುಕ್ಕಿ.
ಆಮೇಲೆ ನಾಲ್ಕು.
ಆಮೇಲೆ ಎಣಿಸಲಿಲ್ಲ, ಎದ್ದು ಫ್ಯಾನು ಆರಿಸಿ
ಸುಮ್ಮನೆ ನಿಂತೆ.

ಫೋನಿನಲ್ಲಿ ತೋರಿಸಿದಾಗ ಅಮ್ಮ
ಕಾದ ಮರಳಿನ ಕಲೆಗಳ ಬೆರಳನ್ನು ಗಾಜಿಗಿಟ್ಟು
'ಅರಳ್ತಾ ಇದೆ' ಅಂದಳು. 'ಬೆಂಕಿ ಎಲ್ಲೇ?'
ಬೆಂಕಿ ಬೇಡಮ್ಮ, ಎಳೆದರೂ ನೀರು ಆವಿಯಾಗುತ್ತೆ.
'ಮತ್ತೆ ಮುಚ್ಚಿಕೊಳ್ಳುತ್ತಾ?'
ಮುಚ್ಚಿಕೊಳ್ಳುತ್ತೆ.
ಮುಚ್ಚಿಕೊಳ್ಳುವಾಗಲೇ ಏಟು.
ಅವಳು ಮಾತಾಡದೆ ಫೋನು ವಾಪಸು ಕೊಟ್ಟಳು.

ದಾದಾಪೀರನಿಗೂ ಹೇಳಿದೆ,
ಗುಡ್ಡದ ಬುಡದ ಚಹಾದಂಗಡಿಯಲ್ಲಿ.
ಗುಳ್ಳೆ ಕುಸಿಯುವುದು ನೆತ್ತಿಯ ಹತ್ತಿರ,
ಅದರ ಏಟು ರೆಕ್ಕೆಯವರೆಗೆ ಮುಟ್ಟುತ್ತದೋ ಇಲ್ಲವೋ
ನನಗಿನ್ನೂ ಗೊತ್ತಿಲ್ಲ ಎಂಬುದನ್ನೂ.
ಅವನು ಬನ್ನು ಅದ್ದಿ ತಿಂದ. ಉಜ್ಜಿ ಉಜ್ಜಿ
ಹೆಬ್ಬೆರಳ ಗೆರೆಗಳೇ ಮಾಸಿವೆ ಅವನಿಗೆ,
ರೇಷನ್ ಅಂಗಡಿಯ ಯಂತ್ರ ಗುರುತು ಹಿಡಿಯುವುದಿಲ್ಲವಂತೆ.
'ಅಲ್ಲೀ ತನಕ ಹಳೇ ಪುಟ್ಟೀನೇ ಮೆತ್ಲಾ?'
ಮೆತ್ತು, ಎಂದೆ.

ತಗಡಿನ ಮೇಲೆ ಒಂದು ಹನಿ ಬಿತ್ತು.
ಇಬ್ಬರೂ ಲೋಟ ಹಿಡಿದು ಸುಮ್ಮನಾದೆವು
ಎರಡನೆಯದಕ್ಕೆ.